ಬಾಯಿಂದ ಊದಬಾರದ ದೀಪ

“ಊದ್ರಿ ಊದ್ರಿ ಊದ್ರಿ ಊದ್ರಿ… ಇನ್ನಾ ಇನ್ನಾ ಇನ್ನಾ… ಬಿಡಬ್ಯಾಡ್ರಿ, ಬಿಡಬ್ಯಾಡ್ರಿ… ಆತು.”

ಇದು ಇರ್ಫಾನನ ದನಿ. ಆ ಒಂದು ಚಳಿಗಾಲ ಪೂರ್ತಿ, ಹುಮನಾಬಾದಿನ ಹಳೇ ಶಾಲೆಯ ಮೂಲೆಯ ಕೋಣೆಯಿಂದ ದಿನವಿಡೀ ಹೊರಗೆ ಕೇಳುತ್ತಿದ್ದದ್ದು ಇದೇ. ರಸ್ತೆಯಲ್ಲಿ ಹೋಗುವವರು ಒಳಗೆ ಕಬಡ್ಡಿ ನಡೆದಿದೆ ಅಂದುಕೊಂಡು ಕಿಟಕಿಗೆ ಇಣುಕುತ್ತಿದ್ದರು. ಕೊನೆಗೆ ಮಷೀನು ಪಿಕ್ ಎಂದು ಒಂದು ಸಣ್ಣ ಸಪ್ಪಳ ಮಾಡುತ್ತಿತ್ತು. ಊದಿದ್ದು ಸರಿಯಾಗಿದ್ದರೆ ಒಂದೇ ಪಿಕ್. ಸರಿ ಬರದಿದ್ದರೆ ಎರಡು.

ಹೋದ ವಾರ ಕಣ್ಣು ತೋರಿಸಲಿಕ್ಕೆ ಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋದೆ. ಬಸವಕಲ್ಯಾಣಕ್ಕೆ ನಾವು ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಬರೀ ಕಲ್ಯಾಣ. ಹೆದ್ದಾರಿಯ ಪಕ್ಕ ದಾಲ್ ಮಿಲ್ಲುಗಳ ಸಾಲು ಶುರುವಾಗುತ್ತಲೇ ಕಿಟಕಿಯಿಂದ ತೊಗರಿ ಹೊಟ್ಟಿನ ವಾಸನೆ ಬಂತು. ಒಣಗಿದ, ಬೆಚ್ಚಗಿನ, ಖಾಲಿ ಚೀಲದೊಳಗೆ ಮುಖ ಇಟ್ಟಂಥ ವಾಸನೆ. ಹಸಿದವರಿಗೆ ಹಿತ ಅನ್ನಿಸುತ್ತದೆ. ಎರಡು ನಿಮಿಷ ಕಳೆದರೆ ಗಂಟಲೊಳಗೆ ಕೂದಲೆಳೆ ಸಿಕ್ಕಂತಾಗುತ್ತದೆ. ಹಿಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಕೆಮ್ಮತೊಡಗಿದಳು. ನಾನು ತಿರುಗಿ ನೋಡಲಿಲ್ಲ. ಡಾಕ್ಟರು ಕಣ್ಣಿಗೆ ಡ್ರಾಪ್ಸ್ ಹಾಕಿ ಮುಚ್ಚಿಕೊಂಡು ಕೂಡ್ರಿ ಅಂದಾಗ, ಆ ಕತ್ತಲೆಯಲ್ಲಿ ಇರ್ಫಾನನ ದನಿಯೇ. ಊದ್ರಿ ಊದ್ರಿ. ಇನ್ನಾ ಇನ್ನಾ.

ನಾನು ಹೈದರಾಬಾದಿನ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು. ಮದುವೆಯಾಗಿ ಹುಮನಾಬಾದಿಗೆ ಬಂದೆ, ಅಲ್ಲೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಯಜಮಾನರು ಹೋದ ಮೇಲೆ ಕಲ್ಯಾಣದಲ್ಲಿ ಅಕ್ಕನ ಜತೆ ಇದ್ದೇನೆ. ಇಬ್ಬರು ವಿಧವೆಯರು, ಒಂದು ಟಿವಿ, ರಿಮೋಟಿಗಾಗಿ ಜಗಳ. ಕೊರೊನಾ ಕಳೆದು ಎರಡನೆಯ ಚಳಿಗಾಲ ಅದು. ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಫೋನ್ ಮಾಡಿ, ದೂರದ ಊರಿನಿಂದ ಒಂದು ಡಾಕ್ಟರ್ ತಂಡ ಬಂದಿದೆ ಮಿಸ್, ಮಿಲ್ಲಿನ ಧೂಳಿನಿಂದ ಜನರ ಎದೆಯೊಳಗಿನ ಫುಪ್ಪುಸಕ್ಕೆ ಏನಾಗಿದೆ ಅಂತ ರಿಸರ್ಚ್ ಮಾಡುತ್ತಾರೆ, ಅವರ ಇಂಗ್ಲಿಷ್ ಪ್ರಶ್ನೆಗಳನ್ನು ನಮ್ಮ ಮಂದಿಗೆ ತಿಳಿಯುವ ಹಾಗೆ ಕೇಳುವವರು ಬೇಕಂತೆ, ನೀವು ಬರ್ತೀರಾ ಅಂದ. ಅಕ್ಕ ಅಂದಳು, “ಈ ವಯಸ್ಸಿನಾಗ ನಿನಗ್ಯಾಕ ಮಂದಿ ಕೆಮ್ಮಿನ ಉಸಾಬರಿ?” ನಾನು ಮರುದಿನವೇ ಬಸ್ ಹತ್ತಿದೆ.

ತಂಡ ಅಂದರೆ ಹೆಚ್ಚೇನಿಲ್ಲ. ಡಾಕ್ಟರ್ ಚೈತ್ರಾ, ಮೈಸೂರು ಕಡೆಯ ಹುಡುಗಿ, ತೆಳ್ಳಗೆ, ಯಾವಾಗಲೂ ಕೈಯಲ್ಲಿ ಸ್ಯಾನಿಟೈಸರ್. ಮಷೀನು ನಡೆಸುವವನು ಇರ್ಫಾನ್, ಹುಮನಾಬಾದಿನವನೇ, ಇಬ್ಬರು ಮಕ್ಕಳ ತಂದೆ, ಬೀದರಿನ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ಆಗಿ ದುಡಿದವನು. ಇನ್ನು ಆ ಮಷೀನು. ಅದರ ಹೆಸರು ಸ್ಪೈರೋಮೀಟರ್. ಆದರೆ ಬಂದ ಹೆಂಗಸರೆಲ್ಲ ಅದಕ್ಕೆ ದಮ್ಮಿನ ಮಷೀನು ಅಂದರು, ಎರಡು ದಿನದಲ್ಲಿ ಡಾಕ್ಟರಮ್ಮನೂ ಹಾಗೇ ಅನ್ನತೊಡಗಿದಳು. ಮೂಗಿಗೆ ಒಂದು ಕ್ಲಿಪ್, ಬಾಯಿಗೆ ಒಂದು ಕೊಳವೆ. ಉಸಿರು ಪೂರ್ತಿ ಎಳೆದುಕೊಂಡು ಒಮ್ಮೆಲೇ ಜೋರಾಗಿ ಬಿಡಬೇಕು, ಎದೆ ಖಾಲಿಯಾಗುವ ತನಕ ಊದುತ್ತಲೇ ಇರಬೇಕು. ಎದುರಿಗೆ ಒಂದು ಪರದೆ.

ಮೊದಲ ದಿನವೇ ಒಂದು ತಮಾಷೆ ಆಯಿತು. ಫಾರ್ಮಿನಲ್ಲಿ ಯಾರೋ ದೊಡ್ಡ ಊರಿನಲ್ಲಿ ಕೂತು ಅನುವಾದ ಮಾಡಿದ್ದ ಪ್ರಶ್ನೆ ಇತ್ತು, ನಿಮಗೆ ದಮ್ಮು ಇದೆಯೇ ಅಂತ. ಚೀಲ ಹೊರುವ ಹಮಾಲರಿಗೆ ಡಾಕ್ಟರಮ್ಮ ಅದನ್ನೇ ಓದಿ ಕೇಳಿದಳು. ಒಬ್ಬ ಎದೆ ಉಬ್ಬಿಸಿ, “ದಮ್ ಅದೇನ್ ಅಂತ ಕೇಳ್ತೀರಲ್ರಿ ಬಾಯಿ, ಕ್ವಿಂಟಲ್ ಚೀಲ ಒಬ್ಬನೇ ಎತ್ತತೇನಿ” ಅಂದ. ಅವನ ಹಿಂದಿನವನು, “ನಂದು ಅವನಕಿಂತ ಜಾಸ್ತಿ ಅದ, ಬರಕೋರಿ” ಅಂದ. ಸಾಲಿನಲ್ಲಿದ್ದವರೆಲ್ಲ ತಮಗೆ ದಮ್ಮು ಇದೆ ಅಂತಲೇ ಬರೆಸಿ ಖುಷಿಯಾಗಿ ಹೋದರು. ಸಂಜೆ ಡಾಕ್ಟರಮ್ಮ ಹುಮನಾಬಾದಿನ ಗಂಡಸರಿಗೆಲ್ಲ ಅಸ್ತಮಾ ಇದೆ ಅಂತ ಬೆರಗಾಗಿ ಕೂತಿದ್ದಳು. ಇರ್ಫಾನ್ ನಕ್ಕು ನಕ್ಕು ಗೋಡೆಗೆ ಆತುಕೊಂಡ. ಮರುದಿನದಿಂದ ಫಾರ್ಮು ನನ್ನ ಕೈಗೆ ಬಂತು. ನಾನು ಕೇಳುತ್ತಿದ್ದೆ: “ಮೆಟ್ಟಲ ಹತ್ತುವಾಗ ನಡುವ ನಿಂದರಬೇಕಾಗ್ತದೇನು? ಮಲಗಿದಾಗ ಎದಿ ಮ್ಯಾಲೆ ಯಾರರ ಕುಂತಂಗ ಆಗ್ತದೇನು?” ಆಗ ಮುಖಗಳು ಇಳಿಯುತ್ತಿದ್ದವು.

ಆ ವರ್ಷ ಚಳಿ ಜೋರಿತ್ತು. ಬೆಳಗಿನ ಬಸ್ಸಿನಲ್ಲಿ ಬರುವಾಗ ಎರಡೂ ಬದಿಗೆ ಮಂಜು, ಮಂಜಿನ ಮೇಲೆ ಕಬ್ಬಿನ ಒಣ ರವದಿ, ಸೋಗೆ ಸುಟ್ಟ ಹೊಗೆ, ಅದರ ಮೇಲೆ ಹೆದ್ದಾರಿಯ ಲಾರಿಗಳ ಹೊಗೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ನೋಡುವಂತಿರಲಿಲ್ಲ. ಹೊಸ ತೊಗರಿ ಬರತೊಡಗಿತ್ತು, ಮಿಲ್ಲುಗಳು ಹಗಲಿರುಳು ಓಡುತ್ತಿದ್ದವು. ಡಾಕ್ಟರಮ್ಮನ ಜತೆ ಒಂದು ಮಿಲ್ಲಿನೊಳಗೆ ಹೋಗಿದ್ದೆ. ತೊಗರಿ ಒಡೆದ ಮೇಲೆ ಹೊಟ್ಟು ಹಾರಿ ಬಂದು ಬೀಳುವ ಒಂದು ಕೋಣೆ ಇರುತ್ತದೆ. ಹೊಟ್ಟಿನ ಖೋಲಿ ಅನ್ನುತ್ತಾರೆ. ಅಲ್ಲಿ ಹೆಂಗಸರು ಸೆರಗಿನಿಂದ ಮೂಗು ಬಾಯಿ ಬಿಗಿದು ಹೊಟ್ಟು ಬಾಚಿ ಚೀಲಕ್ಕೆ ತುಂಬುತ್ತಾರೆ. ಹಗಲಿನಲ್ಲೂ ಬಲ್ಬು ಉರಿಯುತ್ತಿತ್ತು. ಬಲ್ಬಿನ ಸುತ್ತ ಹಳದಿ ಧೂಳು ಸುತ್ತುತ್ತಿತ್ತು. ನಾವು ಬರುತ್ತೇವೆ ಅಂತ ತಿಳಿದು ಗೋಡೆಯ ಮೊಳೆಗಳಿಗೆ ಹೊಸ ಮಾಸ್ಕುಗಳನ್ನು ತೂಗುಹಾಕಿದ್ದರು. “ಹಾಕ್ಕೋರಿ ಅಂದ್ರ ಹಾಕ್ಕೊಳಲ್ರಿ ಇವರು” ಅಂದ ಕೆಲಸ ಮಾಡಿಸುವ ಮುಕಾದಮ. ಒಳಗಿನಿಂದ ಒಬ್ಬಳು, “ಹಾಕ್ಕೊಂಡ್ರ ದಮ್ ಹತ್ತತದ, ದಮ್ ಹತ್ತಿದ್ರ ಕೈ ನಡಿಯಂಗಿಲ್ಲ, ಕೈ ನಡಿಲಿಲ್ಲಂದ್ರ ನೀ ಬೈತಿ” ಅಂದಳು. ಎಲ್ಲರೂ ನಕ್ಕರು, ಮುಕಾದಮನೂ ನಕ್ಕ. ಸಂಜೆ ಮನೆಗೆ ಹೋಗುವಾಗ ಒಬ್ಬೊಬ್ಬರಿಗೂ ಒಂದು ತುಂಡು ಬೆಲ್ಲ ಕೊಡುವ ರೂಢಿ ಅಲ್ಲಿ. ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಹೊಟ್ಟೆಗೆ ಇಳಿದು ಹೊರಗೆ ಹೋಗುತ್ತದೆ ಅಂತ ಎಲ್ಲರ ನಂಬಿಕೆ. ಉಸಿರಿನ ರಕ್ಷಣೆ ಅಂತ ಅವರಿಗೆ ಸಿಗುತ್ತಿದ್ದದ್ದು ಅಷ್ಟೇ.

ಮುಕಾದಮನಿಗೆ ಹಾಗೆ ಉತ್ತರ ಕೊಟ್ಟವಳು ಸರುಬಾಯಿ. ನನಗೆ ಹಳೆಯ ಪರಿಚಯ. ಅವಳ ಮನೆ ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ. ಅವಳ ಮಗ ರಾಜು ನನ್ನ ಕ್ಲಾಸಿನಲ್ಲಿದ್ದ. ಈಗ ಸೊಲ್ಲಾಪುರದಿಂದ ಹೈದರಾಬಾದಿಗೆ ಲಾರಿ ಓಡಿಸುತ್ತಾನೆ. ಗಂಡ ತೀರಿಕೊಂಡು ಬಹಳ ವರ್ಷ. ಮನೆಯಲ್ಲಿ ಸೊಸೆ ಸುನೀತಾ, ಹೊಲಿಗೆ ಕೆಲಸ ಮಾಡುವವಳು, ಕೆಟ್ಟವಳೇನಲ್ಲ. ಆದರೆ ಅತ್ತೆಯ ಕೆಮ್ಮು ಅವಳ ಕಿವಿಗೆ ಸಾಕಾಗಿತ್ತು. ಕೆಲಸದ ಹೊತ್ತಿಗೇ ದಮ್ಮು ಬರ್ತದ ಈಕಿಗೆ, ಊಟದ ಹೊತ್ತಿಗೆ ಬರಂಗಿಲ್ಲ ಅಂತ ಅಕ್ಕಪಕ್ಕದವರ ಮುಂದೆ ಅಂದಿದ್ದಳಂತೆ. ಮಿಲ್ಲಿನಲ್ಲೂ ಅದೇ ಮಾತು. ಹೊಟ್ಟಿನ ಖೋಲಿಯಿಂದ ತೆಗೆದು ಗೇಟಿನ ಹತ್ತಿರ ಬೇಳೆ ಆರಿಸುವ ಕಡೆ ಕೂಡಿಸು ಅಂತ ಸರುಬಾಯಿ ಮುಕಾದಮನನ್ನು ಕೇಳುತ್ತಲೇ ಬಂದಿದ್ದಳು. ಅಲ್ಲಿ ಗಾಳಿ ಇದೆ, ಬಿಸಿಲಿದೆ. “ಎಲ್ಲಾರಿಗೂ ಅಲ್ಲೇ ಕುಂದ್ರಬೇಕು. ಸೋಗು ಮಾಡಬ್ಯಾಡ. ಡಾಕ್ಟರ್ ಕಾಗದ ತಾ, ಕೂಡಸ್ತೀನಿ” ಅಂದಿದ್ದ ಅವನು.

ಹೀಗಾಗಿ ಸರುಬಾಯಿ ನಮ್ಮ ಕೋಣೆಗೆ ಬಂದದ್ದು ರಿಸರ್ಚಿಗಾಗಿ ಅಲ್ಲ. ಆ ಕಾಗದಕ್ಕಾಗಿ. ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು.

“ಟೀಚರಬಾಯಿ, ಈ ಮಷೀನ್ ಸುಳ್ಳ ಹೇಳಂಗಿಲ್ಲ ಅಲ್ರಿ?”

“ಇಲ್ಲ. ನೀ ಹ್ಯಾಂಗ ಊದ್ತಿ ಹಂಗ ತೋರಸ್ತದ.”

“ಹಂಗಾದ್ರ ಬೇಸ್ ಆತು. ಮಂದಿ ಬಾಯಿ ಮುಚ್ಚತದ.”

ಮೊದಲು ನಾನು ಊದಿ ತೋರಿಸಬೇಕಿತ್ತು; ಅದು ನನ್ನ ದಿನಚರಿ. ಪರದೆಯ ಮೇಲೆ ಎಂಟು ಮೇಣಬತ್ತಿ ಉರಿಯುವ ಚಿತ್ರ. ಎಷ್ಟು ಜೋರಾಗಿ ಊದುತ್ತೇವೋ ಅಷ್ಟು ಬತ್ತಿ ಆರುತ್ತವೆ. ಜನ ಉಮೇದಿಯಿಂದ ಊದಲಿ ಅಂತ ಯಾರೋ ಜಾಣರು ಮಾಡಿದ್ದು. ನಾನು ಎಂಟನ್ನೂ ಆರಿಸಿದೆ. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಲಿಸುವಾಗ ಸಿಸ್ಟರ್ ಹೊಟ್ಟೆಯ ಮೇಲೆ ಪುಸ್ತಕ ಇಟ್ಟು ಉಸಿರಾಡಿಸುತ್ತಿದ್ದರು, ಅದರ ಫಲ ಇರಬೇಕು. “ಟೀಚರಬಾಯಿದು ಕಾಲೇಜ್ ಹುಡುಗಿ ಫುಪ್ಪುಸ ಅದ” ಅಂದ ಇರ್ಫಾನ್. ಸರುಬಾಯಿ ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು.

“ಮೌಶಿ, ಈಗ ನೀವು. ಜೋರ್‌ಲಿಂದ ಊದಬೇಕು. ಎಲ್ಲಾ ದೀಪ ಆರಬೇಕು ನೋಡ್ರಿ.”

ಅವಳು ಪರದೆ ನೋಡಿದಳು, ನನ್ನ ಕಡೆ ನೋಡಿದಳು. ಕೊಳವೆ ಬಾಯಿಗಿಟ್ಟುಕೊಂಡಳು. ಇರ್ಫಾನ್ ಕೂಗತೊಡಗಿದ. ಒಂದು ಬತ್ತಿ ಆರಿತು, ಎರಡನೆಯದು ಆರಿತು. ಅಲ್ಲಿಗೆ ಉಸಿರು ನಿಂತಿತು. ಪಿಕ್ ಪಿಕ್. ಇನ್ನೊಮ್ಮೆ. ಈ ಸಲ ಒಂದೇ ಬತ್ತಿ. ಪಿಕ್ ಪಿಕ್. ಇರ್ಫಾನ್ ಬೆವರಿದ. “ಜರಾ ಜೋರ್ ಹಚ್ಚರಿ ಮೌಶಿ, ಮುಕಾದಮಗ ಬೈದಂಗ ಊದ್ರಿ.” ಅವಳು ನಕ್ಕಳು, ತಲೆ ಅಲ್ಲಾಡಿಸಿದಳು, ಮತ್ತೆ ಅಷ್ಟೇ. ಎಂಟು ಸಲ ಊದಿಸಬಹುದು, ಅದಕ್ಕಿಂತ ಹೆಚ್ಚು ಊದಿಸುವಂತಿಲ್ಲ. ಅದು ಅವರ ನಿಯಮ. ಎಂಟೂ ಆದವು. ಮಷೀನಿನ ಬಾಯಿಂದ ಸಣ್ಣ ಚೀಟಿ ಹೊರಬಂತು.

ಸರುಬಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. “ಏನ್ ಬರದದ ಓದ್ರಿ.”

ಪೂರ್ ಎಫರ್ಟ್ ಅಂತ ಬರೆದಿತ್ತು. ನನ್ನ ಕಾನ್ವೆಂಟಿನ ರಿಪೋರ್ಟ್ ಕಾರ್ಡಿನಲ್ಲಿ ಎಫರ್ಟ್ ಅಂತ ಒಂದು ಬೇರೆಯೇ ಕಾಲಮ್ ಇರುತ್ತಿತ್ತು. ಮಾರ್ಕ್ಸ್ ಕಡಿಮೆ ಬಂದರೆ ಸಿಸ್ಟರ್ ಸುಮ್ಮನಿರುತ್ತಿದ್ದರು. ಆ ಕಾಲಮಿನಲ್ಲಿ ಪೂರ್ ಅಂತ ಬಂದರೆ ಊರಿಗೆ ಪತ್ರ ಹೋಗುತ್ತಿತ್ತು. ದಡ್ಡಿಯಾಗಿದ್ದರೆ ತಪ್ಪಿಲ್ಲ, ಮೈಗಳ್ಳಿಯಾಗಿದ್ದರೆ ತಪ್ಪು.

“ಸರಿಯಾಗಿ ಬಂದಿಲ್ಲ ಅಂತ ಬರದದ” ಅಂದೆ.

“ನಂದು ಸರಿಯಾಗಿಲ್ಲೋ, ಮಷೀನ್ದು ಸರಿಯಾಗಿಲ್ಲೋ?”

ನಾನು ಶಬ್ದ ಹುಡುಕುತ್ತಿದ್ದೆ. ಇರ್ಫಾನ್ ಮುಂದಿನವರನ್ನು ಕರೆಯುವ ಅವಸರದಲ್ಲಿ, “ಜೋರ್ ಹಚ್ಚಿಲ್ಲ ಅಂತ ಬಂದದ ಮೌಶಿ, ಮತ್ತೇನಿಲ್ಲ” ಅಂದುಬಿಟ್ಟ. ಸರುಬಾಯಿ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಹೊರಗೆ ಸಾಲಿನಲ್ಲಿ ಅವಳದೇ ಮಿಲ್ಲಿನ ಹೆಂಗಸರಿದ್ದರು. ಆ ಮಾತು ಅವಳಿಗಿಂತ ಮೊದಲು ಮಿಲ್ಲು ಮುಟ್ಟಿತು. ಜೋರು ಹಚ್ಚಿಲ್ಲ. ಮಷೀನ್ ಸಹ ಅದನ್ನೇ ಹೇಳಿತು.

ಎಳ್ಳ ಅಮಾವಾಸ್ಯೆಯ ದಿನ ಮಿಲ್ಲುಗಳಿಗೆ ರಜೆ. ಎಲ್ಲರೂ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ ನಮ್ಮ ಕಡೆ. ಹೊಲವಿಲ್ಲದವರು ಇನ್ನೊಬ್ಬರ ಹೊಲಕ್ಕೆ ಹೋಗುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ಮರುದಿನ ಸರುಬಾಯಿ ಒಂದು ಡಬ್ಬಿಯಲ್ಲಿ ಕಾಳು ಸೊಪ್ಪಿನ ಭಜ್ಜಿ, ಎರಡು ಸಜ್ಜಿ ರೊಟ್ಟಿ ತಂದು ಶಾಲೆಯ ಕಟ್ಟೆಯ ಮೇಲೆ ನನ್ನ ಹತ್ತಿರ ಕೂತಳು. ನಡೆದು ಬಂದದ್ದು ಒಂದೇ ಓಣಿ. ಮಾತಾಡಲಿಕ್ಕೆ ಬಹಳ ಹೊತ್ತು ಬೇಕಾಯಿತು. ಮುಂದಕ್ಕೆ ಬಾಗಿ ಎರಡೂ ಅಂಗೈ ಮೊಣಕಾಲಿಗೆ ಊರಿ, ಭುಜ ಎತ್ತಿ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಇಷ್ಟು ತಕಲೀಫ್ ಇದ್ದವಳು ಯಾಕೆ ಜೋರಾಗಿ ಊದಲಿಲ್ಲ ಅಂತ ನನಗೆ ಅರ್ಥವಾಗಿರಲಿಲ್ಲ. ಕೇಳಿಯೇಬಿಟ್ಟೆ.

“ಎರಡು ಬತ್ತಿ ತನಕ ಬೇಸ್ ಊದ್ದಿ, ಮುಂದ ಯಾಕ ನಿಂದರಿಸಿದಿ?”

ಅವಳು ರೊಟ್ಟಿ ಮುರಿಯುತ್ತ ಕೆಳಗೆ ನೋಡಿದಳು. “ಅವು ದೀಪ ಅಲ್ಲೇನ್ರಿ.”

“ಚಿತ್ರ ಅದು, ಸರುಬಾಯಿ.”

“ಚಿತ್ರಾನೇ ಇರ್ಲಿ. ಉರಿಯೋ ದೀಪ ಬಾಯಿಲಿಂದ ಊದ್ತಾರೇನ್ರಿ ಯಾರರ? ನಮ್ಮ ಮನ್ಯಾಗ ದೀಪ ಶಾಂತ ಮಾಡಬೇಕಾದ್ರ ಹೂವಿನ ಎಸಳಿಲಿಂದ ಮಾಡ್ತೀವಿ. ನಂದೊಂದೇ ದೀಪ, ಅದು ರೋಡಿನ ಮ್ಯಾಲ ಓಡಾಡ್ತದ. ಎಂಟ ಎಂಟ ದೀಪ ಊದಂದ್ರ ಹ್ಯಾಂಗ ಊದಲಿ? ಒಂದು ಆರಿದ ಕೂಡ್ಲೇ ನನ್ನ ಎದಿ ಧಸಕ್ಕಂತು. ಅವತ್ತ ರಾಜು ಗಾಡಿ ಮ್ಯಾಲಿದ್ದ.”

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ನಾನು ಬೋರ್ಡಿಂಗಿನಿಂದ ರಜೆಗೆ ಬಂದಾಗ ಒಂದು ಹುಟ್ಟುಹಬ್ಬಕ್ಕೆ ಮೇಣಬತ್ತಿ ಹಚ್ಚಿ, ಕಾನ್ವೆಂಟಿನಲ್ಲಿ ಕಲಿತ ಹಾಗೆ ಊದಿ ಆರಿಸಿದ್ದೆ. ನಮ್ಮ ಆಯಿ ಬಂದು ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಹೊಡೆಯಲಿಲ್ಲ, ಬರೀ ಕೈ ಇಟ್ಟಳು. ಆಮೇಲೆ ಬತ್ತಿಯನ್ನು ಮತ್ತೆ ಹಚ್ಚಿ ದೇವರ ಮುಂದೆ ಇಟ್ಟಳು. ಅದು ತಾನಾಗಿ ಕರಗಿ ಮುಗಿಯುವ ತನಕ ನನ್ನನ್ನು ಅದರ ಮುಂದೆ ಕೂಡಿಸಿದ್ದಳು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ದಿನವೂ ಆ ಪರದೆಯ ಮುಂದೆ ನಿಂತಾಗ ಅದು ನೆನಪಾಗಿರಲಿಲ್ಲ. ಅಷ್ಟು ಇಂಗ್ಲಿಷ್ ಆಗಿ ಉರಿಯುತ್ತಿದ್ದವು ಆ ಬತ್ತಿಗಳು.

ಡಾಕ್ಟರ್ ಚೈತ್ರಾಗೆ ಹೇಳಿದೆ. ಮೊದಲು ನಕ್ಕಳು. ಆಮೇಲೆ ಲ್ಯಾಪ್‌ಟಾಪ್ ತೆಗೆದು ಒಂದೊಂದೇ ಹೆಸರು ನೋಡುತ್ತ ಹೋದಳು, ನಗು ನಿಂತಿತು. ಪೂರ್ ಎಫರ್ಟ್ ಅಂತ ಬಂದವರಲ್ಲಿ ಮುಕ್ಕಾಲು ಪಾಲು ಹೊಟ್ಟಿನ ಖೋಲಿಯ ಹೆಂಗಸರು. ಗಂಡಸರು ಪಂದ್ಯ ಕಟ್ಟಿ ಎಲ್ಲ ಬತ್ತಿ ಆರಿಸಿದ್ದರು.

“ಆಂಟಿ, ನಾವು ಇವರಿಗಾಗಿಯೇ ಬಂದಿದ್ದು” ಅಂದಳು. “ಇವರ ಟೆಸ್ಟೇ ಲೆಕ್ಕಕ್ಕೆ ಬರೋದಿಲ್ಲ ಅಂದ್ರೆ ರಿಪೋರ್ಟಲ್ಲಿ ನಾನು ಏನು ಬರೀಲಿ? ಮಿಲ್ಲಿನೋರು, ನೋಡಿ, ಹೆಂಗಸರಿಗೆ ಏನೂ ಆಗಿಲ್ಲ ಅಂತಾರೆ.”

ಅವತ್ತೇ ಇರ್ಫಾನ್ ಮಷೀನಿನ ಚಿತ್ರ ಬದಲಿಸಿದ. ಅದರೊಳಗೆ ಬೇರೆ ಚಿತ್ರಗಳೂ ಇದ್ದವು. ಮೇಣಬತ್ತಿ ತೆಗೆದು ಕೆಂಪು ಬಲೂನು ಇಟ್ಟ. ಊದಿದಷ್ಟೂ ಬಲೂನು ದೊಡ್ಡದಾಗುತ್ತದೆ. “ಇದಕ್ಕ ಯಾರದೂ ತಕರಾರ್ ಇರಂಗಿಲ್ಲ ಅಲ್ರಿ ಟೀಚರಬಾಯಿ? ಫುಗ್ಗಾ ಒಡದ್ರ ಯಾರೂ ಸಾಯಂಗಿಲ್ಲ ಅಲ್ಲ?” ಅಂದ. ಕೇಳಿದ್ದು ತಮಾಷೆಯಾಗಿ ಏನಲ್ಲ. ಅವನ ಅಮ್ಮಿಯೂ ಮನೆಯಲ್ಲಿ ಚಿರಾಗ್ ಊದಲು ಬಿಡುತ್ತಿರಲಿಲ್ಲವಂತೆ. ತನಗೂ ಹೊಳೆಯಲಿಲ್ಲವಲ್ಲ ಅಂತ ಎರಡು ದಿನ ಮಂಕಾಗಿದ್ದ.

ಚಿತ್ರ ಬದಲಾಯಿತು, ಹೆಂಗಸರು ಬರಲಿಲ್ಲ. ಹೊಸ ತೊಗರಿ ಗೋದಾಮಿನ ಬಾಗಿಲ ತನಕ ತುಂಬಿತ್ತು. ಒಮ್ಮೆ ರಜೆ ಕೊಟ್ಟಾಗಿದೆ, ಎಷ್ಟು ಸಲ ಊದಿಸುತ್ತೀರಿ ಅಂದರು ಮಾಲಕರು. ಹೆಂಗಸರಿಗೂ ಬರುವ ಮನಸ್ಸಿರಲಿಲ್ಲ. ಜೋರು ಹಚ್ಚಿಲ್ಲ ಅನ್ನಿಸಿಕೊಳ್ಳಲಿಕ್ಕೆ ಇನ್ನೊಮ್ಮೆ ಯಾಕೆ ಹೋಗಬೇಕು? ನಾನು ಓಣಿ ಓಣಿ ತಿರುಗಿದೆ. ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ಮನೆಮನೆ ಹತ್ತಿದೆ. ಮೂರು ನಾಲ್ಕು ಜನ ಬಂದರು. ತಂಡದ ದಿನಗಳು ಮುಗಿಯುತ್ತಿದ್ದವು, ಮಷೀನು ಬೇರೆ ಜಿಲ್ಲೆಗೆ ಹೋಗಬೇಕಿತ್ತು.

ಸರುಬಾಯಿಯನ್ನು ಆಟೋದಲ್ಲಿ ಕರೆತಂದೆ. ಸಂಕ್ರಾಂತಿಯ ಹಿಂದಿನ ವಾರ ಚಳಿಗೆ ಜ್ವರ ಬಂದು, ಜ್ವರ ಇಳಿದರೂ ಕೆಮ್ಮು ಇಳಿದಿರಲಿಲ್ಲ. ಆದರೂ ಹೊಟ್ಟಿನ ಖೋಲಿಗೆ ಹೋಗುತ್ತಲೇ ಇದ್ದಳು. ಕೋಣೆಯ ಮೂರು ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದುಕೊಂಡಳು. ಪರದೆಯ ಮೇಲೆ ಬಲೂನು ನೋಡಿ ಮುಖ ಅರಳಿತು.

“ಇದು ಬೇಸ್ ಅದ. ಇದಕ್ಕ ಏನ್ ಬೇಕಾದ್ದು ಊದ್ತೀನಿ.”

ಉಸಿರು ಎಳೆದುಕೊಂಡಳು. ಎಳೆದುಕೊಳ್ಳುವಾಗಲೇ ಎದೆಯೊಳಗೆ ಹಳೆಯ ಬಾಗಿಲು ತೆರೆದಂಥ ಸಪ್ಪಳ. ಊದಿದಳು. ಇರ್ಫಾನ್ ಈ ಸಲ ಕೂಗಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ, “ಹಂಗೇ ಮೌಶಿ, ಹಂಗೇ, ಇನ್ನಾ ಸ್ವಲ್ಪ” ಅಂದ. ಬಲೂನು ನಿಂಬೆಹಣ್ಣಿನಷ್ಟಾಯಿತು. ಅಷ್ಟರಲ್ಲಿ ಕೆಮ್ಮು ಬಂತು. ಪಿಕ್ ಪಿಕ್. ನೀರು ಕೊಟ್ಟು ಕೂಡಿಸಿ ಮತ್ತೆ ಊದಿಸಿದೆವು. ಮತ್ತೆ ಕೆಮ್ಮು. ಪ್ರತಿ ಸಲವೂ ಅವಳು ತನ್ನ ಮೈಯಲ್ಲಿದ್ದದ್ದೆಲ್ಲ ಹಾಕಿ ಊದಿದಳು, ಕತ್ತಿನ ನರ ಹಗ್ಗದ ಹಾಗೆ ಎದ್ದವು, ತುಟಿ ನೀಲಿ ತಿರುಗಿತು. ಮಷೀನಿಗೆ ಬೇಕಾದಷ್ಟು ಹೊತ್ತು ಉಸಿರು ಹೊರಗೆ ಬರಲೇ ಇಲ್ಲ. ಡಾಕ್ಟರಮ್ಮ ಸಾಕು ಅಂದಳು. ಸರುಬಾಯಿ ಬೆರಳು ಎತ್ತಿ ಇನ್ನೊಂದು ಅಂದಳು. ಅದನ್ನೂ ಊದಿದಳು.

ಚೀಟಿ ಬಂತು. ಮೊದಲಿನ ಸಲ ಬರೆದದ್ದೇ ಬರೆದಿತ್ತು, ಅಕ್ಷರ ಬದಲಿಲ್ಲದೆ. ಅವಳು ನನ್ನ ಮುಂದೆ ಚಾಚಲಿಲ್ಲ. ತಾನೇ ಹಿಡಿದು, ಓದಲು ಬಾರದ ಆ ಗೆರೆಗಳನ್ನು ನೋಡಿ, ಸೊಂಟದಿಂದ ಹಳೆಯ ಚೀಟಿ ತೆಗೆದು ಪಕ್ಕಕ್ಕಿಟ್ಟುಕೊಂಡಳು.

“ಎರಡೂ ಒಂದೇ ಅವ” ಅಂದಳು.

ಡಾಕ್ಟರಮ್ಮ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಹೊರಗೆ ನನ್ನನ್ನು ಕರೆದು, “ನನಗೆ ಮಷೀನೇ ಬೇಡ ಆಂಟಿ, ಕಿವಿಗೇ ಗೊತ್ತಾಗುತ್ತೆ. ತುಂಬಾ ಹೋಗಿದೆ. ಆದರೆ ಸ್ಟಡಿಗೆ ನನ್ನ ಕಿವಿ ಸಾಕ್ಷಿ ಆಗೋಲ್ಲ” ಅಂದಳು. ತನ್ನ ಸ್ವಂತ ಲೆಟರ್‌ಹೆಡ್ ಮೇಲೆ ಮಿಲ್ಲಿಗೆ ಒಂದು ಕಾಗದ ಬರೆದುಕೊಟ್ಟಳು, ಒಂದು ಇನ್‌ಹೇಲರ್ ಕೊಟ್ಟು ಉಪಯೋಗಿಸುವುದು ಕಲಿಸಿದಳು, ಬೀದರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಲು ಹೇಳಿದಳು. ಕಾಗದ ಓದಿದ ಮುಕಾದಮ, “ಮಷೀನ್ ಒಂದು ಹೇಳ್ತದ, ಮ್ಯಾಡಮ್ ಒಂದು ಹೇಳ್ತಾರ. ಸೀಜನ್ ಮುಗೀಲಿ, ನೋಡಮು” ಅಂದನಂತೆ. ಬೀದರಿಗೆ ರಾಜು ಒಮ್ಮೆ ಕರೆದುಕೊಂಡು ಹೋದ. ಅಲ್ಲಿ ಫುಪ್ಪುಸ ಗಟ್ಟಿಯಾಗಿದೆ, ಹೋದದ್ದು ತಿರುಗಿ ಬರುವುದಿಲ್ಲ, ಧೂಳಿನಿಂದ ದೂರ ಇರಿ ಅಂದರು. ಹುಮನಾಬಾದಿನಲ್ಲಿ ಆ ಓಣಿಯಲ್ಲಿ ಧೂಳಿನಿಂದ ದೂರ ಅಂದರೆ ಎಲ್ಲಿ?

ಕೊನೆಯ ದಿನ ಇರ್ಫಾನ್ ಮಷೀನನ್ನು ಥರ್ಮೋಕೋಲಿನಲ್ಲಿಟ್ಟು ಟೇಪು ಸುತ್ತುತ್ತ, “ಚಲೋ ಮಷೀನ್ ಅದರಿ ಟೀಚರಬಾಯಿ. ನಮ್ಮ ಮಂದಿಗೆ ಆಗಿ ಬರಲಿಲ್ಲ” ಅಂದ. ಡಾಕ್ಟರಮ್ಮ ನನ್ನನ್ನು ತಬ್ಬಿಕೊಂಡಳು. ಆಮೇಲೆ ಒಂದು ವರ್ಷ ಕಳೆದು ಫೋನ್ ಮಾಡಿದ್ದಳು. ರಿಪೋರ್ಟಿನಲ್ಲಿ ಹೊಟ್ಟಿನ ಖೋಲಿಯ ಹೆಂಗಸರ ಬಗ್ಗೆ, ಸಾಕಷ್ಟು ಸರಿಯಾದ ಟೆಸ್ಟ್ ಸಿಗಲಿಲ್ಲ, ಮತ್ತೆ ಅಧ್ಯಯನ ಆಗಬೇಕು ಅಂತ ಒಂದು ಸಾಲು ಇದೆಯಂತೆ. ದೀಪದ ಮಾತು ಬರೆಯಲಿಲ್ಲವಾ ಅಂದೆ. ಬರೆದಿದ್ದೆ ಆಂಟಿ, ತೆಗೆಸಿದರು ಅಂದಳು.

ಸರುಬಾಯಿಯನ್ನು ನಾನು ಕೊನೆಯ ಸಲ ನೋಡಿದ್ದು ಮಷೀನು ಹೋದ ಆ ಚಳಿಗಾಲ ಕಳೆದು, ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ. ಕಿತ್ತಳೆ ಹಣ್ಣು ತೆಗೆದುಕೊಂಡು ಸಂಜೆಯ ಬಸ್ಸಿನಲ್ಲಿ ಹೋದೆ. ಬಿಸಿಲು ಶುರುವಾಗಿತ್ತು, ಓಣಿಯಲ್ಲಿ ಬೇವು ಚಿಗುರಿತ್ತು, ಮಿಲ್ಲುಗಳು ಇನ್ನೂ ಓಡುತ್ತಿದ್ದವು. ಮನೆಯೊಳಗೆ ಅವಳು ಗೋಡೆಗೆ ಆನಿಸಿದ ತೊಗರಿ ಚೀಲಕ್ಕೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಅಷ್ಟು ದಿನದಲ್ಲಿ ಕುತ್ತಿಗೆಯ ಕೆಳಗಿನ ಎರಡು ಎಲುಬು ಬಹಳ ಮುಂದೆ ಬಂದಿದ್ದವು. ಮಿಲ್ಲು ಬಿಟ್ಟಿದ್ದಳು. ರಾಜು ಟ್ರಿಪ್ ಮುಗಿಸಿ ಬಂದಿದ್ದ, ಹೊರಗಿನ ಕಟ್ಟೆಯ ಮೇಲೆ ಫೋನ್ ನೋಡುತ್ತಿದ್ದ.

ಸುನೀತಾ ಅತ್ತೆಯ ಬೆನ್ನು ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. “ಟೀಚರಬಾಯಿ, ಮಷೀನಿನ್ಯಾಗ ಹಂಗ ಬಂದಿತ್ತಲ್ರಿ. ಅದಕ್ಕ ನಾವೂ ಹಂಗ ತಿಳಕೊಂಡಿವಿ” ಅಂದಳು. ಸರುಬಾಯಿಯೇ ಅಂದಳು, “ಹೋಗಲಿ ಬಿಡವಾ. ಚಾ ಮಾಡ್ ಹೋಗು. ಸಕ್ರಿ ಹಾಕು ಮತ್ತ, ಟೀಚರಬಾಯಿಗಿ ಶುಗರ್ ಇಲ್ಲ, ದಮ್ಮೂ ಇಲ್ಲ.” ಮೂರು ಉಸಿರಿನಲ್ಲಿ ಹೇಳಿದಳು ಆ ಒಂದು ಮಾತನ್ನು. ಹೇಳಿ ನಕ್ಕಳು.

ಅಷ್ಟರಲ್ಲಿ ಕರೆಂಟು ಹೋಯಿತು. ಮುಸ್ಸಂಜೆ ಇನ್ನೂ ಸ್ವಲ್ಪ ಉಳಿದಿತ್ತು, ಆದರೆ ಆ ಖೋಲಿಗೆ ಕಿಟಕಿ ಸಣ್ಣದು. ಸುನೀತಾ ಒಂದು ಮೇಣಬತ್ತಿ ಹಚ್ಚಿ, ಉಲ್ಟಾ ಇಟ್ಟ ಡಬ್ಬಿಯ ಮೇಲೆ ನಿಲ್ಲಿಸಿ, ಅತ್ತೆಯ ಮುಂದೆ ಇಟ್ಟು ಒಲೆಯ ಕಡೆ ಹೋದಳು. ಸರುಬಾಯಿ ಅದನ್ನು ನೋಡುತ್ತ ಕೂತಳು.

“ಟೀಚರಬಾಯಿ, ಅವತ್ತ ಮೊದಲ ಸಲಾ, ನಾ ಜೋರ್ ಊದಿದ್ರ, ನಂದು ಕಾಗದ ಬರಾಬರ್ ಬರ್ತಿತ್ತೇನ್ರಿ?”

“ಬರ್ತಿತ್ತು” ಅಂದೆ. ಆಗ ಅವಳಿಗೆ ಊದುವಷ್ಟು ಉಸಿರಿತ್ತು, ಬೇನೆ ತೋರಿಸುವಷ್ಟು ಬೇನೆಯೂ ಇತ್ತು.

“ಗೇಟಿನ ಹತ್ರ ಕೂಡಸ್ತಿದ್ರು.”

“ಬಹುಶಃ ಕೂಡಸ್ತಿದ್ರು.”

ಅವಳು ತಲೆಯಾಡಿಸಿದಳು. ಬಾಗಿಲ ಕಡೆ ತಿರುಗಿ, “ರಾಜಾ” ಅಂತ ಕರೆದಳು. ಎರಡು ಸಲ ಕರೆಯಬೇಕಾಯಿತು, ದನಿ ಬಾಗಿಲ ತನಕ ಹೋಗಲಿಲ್ಲ. ಮಗ ಒಳಗೆ ಬಂದ. “ಇಲ್ಲಿ ಕುಂದ್ರು, ನನ್ನ ಕಣ್ಣಮುಂದ” ಅಂದಳು. ಅವನು ಗೊಂದಲದಿಂದ ನನ್ನ ಕಡೆ ನೋಡಿ ಕೂತ. ಅವಳು ಎಡಗೈಯಿಂದ ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಮುಂದಕ್ಕೆ ಬಾಗಿ, ಬಾಯಿ ಮೇಣಬತ್ತಿಯ ಎದುರಿಗೆ ತಂದು, ಉಸಿರು ಎಳೆದುಕೊಂಡು ಊದಿದಳು.

ಬೆಂಕಿ ಆ ಕಡೆ ಸ್ವಲ್ಪ ಬಾಗಿತು. ನೆಟ್ಟಗಾಯಿತು.

ಇನ್ನೊಮ್ಮೆ ಊದಿದಳು. ಈ ಸಲ ಬಾಗಿದ್ದು ಮೊದಲಿಗಿಂತ ಕಡಿಮೆ. ಗೋಡೆಯ ಮೇಲೆ ನಮ್ಮ ಮೂವರ ನೆರಳು ಅಲುಗಾಡಿ ನಿಂತಿತು. ಕೆಮ್ಮು ಬಂತು, ಬಹಳ ಹೊತ್ತಿನ ತನಕ ಬಂತು. ರಾಜು ಅವಳ ಬೆನ್ನು ನೀವಿದ. ಕೆಮ್ಮು ನಿಂತ ಮೇಲೆ ಅವಳು ಮಗನ ಕೈ ಬಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನಿರಾಳ ಇತ್ತು.

“ನೋಡ್ರಿ, ಆರಲಿಲ್ಲ” ಅಂದಳು. “ನಾ ಸುಮ್ಮನ ಅಂಜಿದ್ದೆ.”